ದನಕ್ಕಾದರೂ ಆಗುತ್ತೆ ಎಂಬ ಲೆಕ್ಕ

ಬೂಷ್ಟು ಹಿಡಿದ ರೊಟ್ಟಿ, ಮುಗ್ಗು ವಾಸನೆ ಹೊಡೆಯುವ ಕಡಲೆಕಾಯಿ, ತೇವ ತಗುಲಿ ಗಂಟುಗಟ್ಟಿದ ಹಿಟ್ಟು ಕಣ್ಣಿಗೆ ಬಿದ್ದಾಗ ನಮ್ಮ ಮನೆಗಳಲ್ಲಿ ಹೊರಡುವ ಮಾತು ಒಂದೇ: ‘ಬಿಸಾಡಬೇಡಿ, ದನಕ್ಕಾದರೂ ಆಗುತ್ತೆ.’ ಅದು ಕಲಗಚ್ಚಿನ ಬಾನಿಗೆ ಬೀಳುತ್ತದೆ, ಬಿಸಾಡಲಿಲ್ಲವೆಂದು ಮನಸ್ಸೂ ಹಗುರಾಗುತ್ತದೆ. ಬೆಳೆದದ್ದನ್ನು ಹಾಳು ಮಾಡಬಾರದೆಂಬ ಒಳ್ಳೆಯ ಬುದ್ಧಿಯೇ ಈ ಮಾತಿನ ಹಿಂದಿರುವುದರಿಂದ ಅದನ್ನು ಗೇಲಿ ಮಾಡಬೇಕಾಗಿಲ್ಲ. ಆದರೆ ಲೆಕ್ಕವಾಗಿ ನೋಡಿದರೆ ಇದು ತಪ್ಪು ಲೆಕ್ಕ. ಬೂಷ್ಟು ಹಿಡಿದ ಮೇವಿನಿಂದ ಉಳಿಯುವ ದುಡ್ಡಿಗಿಂತ ಹಾಲಿನಲ್ಲಿ, ಗಬ್ಬದಲ್ಲಿ, ಔಷಧಿಯ ಚೀಟಿಯಲ್ಲಿ ಸೋರಿ ಹೋಗುವುದು ಹೆಚ್ಚು. ಸಾಲದ್ದಕ್ಕೆ, ನಾವು ತಿನ್ನಲಾರೆವೆಂದು ದನದ ಮುಂದೆ ಸುರಿದ ವಿಷದ ಒಂದು ಪಾಲು ಹಾಲಿನ ಲೋಟದಲ್ಲಿ ನಮ್ಮ ಬಳಿಗೇ ಮರಳುತ್ತದೆ. ಈ ನಷ್ಟವನ್ನು ತಡೆಯುವ ಜಾಗ ಔಷಧಿ ಅಂಗಡಿಯಲ್ಲೂ ಇಲ್ಲ, ಪಶು ಆಸ್ಪತ್ರೆಯಲ್ಲೂ ಇಲ್ಲ. ಕಾಳು ಕಣದಿಂದ ಚೀಲ ಸೇರುವ ನಡುವಿನ ಕೆಲವೇ ದಿನಗಳಲ್ಲಿ ಅದು ಮುಕ್ಕಾಲು ತೀರ್ಮಾನವಾಗಿಬಿಟ್ಟಿರುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಬೂಷ್ಟು ಬೇರೆ, ಬೂಷ್ಟಿನ ವಿಷ ಬೇರೆ. ಬೂಷ್ಟು ಎಂದರೆ ಕಣ್ಣಿಗೆ ಕಾಣುವ ಶಿಲೀಂಧ್ರ. ಹಸಿರು, ಬಿಳಿ, ಕಪ್ಪು, ಗುಲಾಬಿ ಬಣ್ಣದ ನೂಲು ಮತ್ತು ಪುಡಿ. ಅದು ಬೆಳೆಯುತ್ತ ಕಾಳಿನೊಳಗೆ ಬಿಟ್ಟುಹೋಗುವ ರಾಸಾಯನಿಕವೇ ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೂಷ್ಟು ಸತ್ತ ಮೇಲೂ, ಒರೆಸಿದ ಮೇಲೂ, ಬೀಸಿ ಹಿಟ್ಟಾದ ಮೇಲೂ ವಿಷ ಹಾಗೇ ಉಳಿಯುತ್ತದೆ. ಜಗತ್ತು ಇದನ್ನು ಕಲಿತದ್ದು ಭಾರೀ ಬೆಲೆ ತೆತ್ತು. 1960ರಲ್ಲಿ ಇಂಗ್ಲೆಂಡಿನ ಸಾಕಣೆ ಕೇಂದ್ರಗಳಲ್ಲಿ ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಯಾವ ರೋಗಾಣುವೂ ಸಿಗದೆ ಅದಕ್ಕೆ ‘ಟರ್ಕಿ ಎಕ್ಸ್ ರೋಗ’ ಎಂದು ಹೆಸರಿಟ್ಟರು. ಬೆನ್ನು ಹತ್ತಿ ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ, ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬಿಟ್ಟ ವಿಷ. ಆ ಶಿಲೀಂಧ್ರದ ಹೆಸರಿನ ಅಕ್ಷರಗಳನ್ನೇ ಜೋಡಿಸಿ ಅದನ್ನು ಅಫ್ಲಾಟಾಕ್ಸಿನ್ ಎಂದು ಕರೆದರು. ಈ ಗುಂಪಿನಲ್ಲಿ ಬಿ1 ಎಂಬುದೇ ಎಲ್ಲಕ್ಕಿಂತ ಕ್ರೂರಿ. ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾದ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ.

ವಿಷಗಳ ಬಳಗ ದೊಡ್ಡದು, ಎಲ್ಲವನ್ನೂ ಹೆಸರಿಸುತ್ತ ಕೂರುವುದರಿಂದ ರೈತನಿಗೆ ಲಾಭವಿಲ್ಲ. ಆದರೂ ಯಾವುದು ಎಲ್ಲಿ ಹೊಡೆಯುತ್ತದೆ ಎಂಬ ಅಂದಾಜು ಇರಬೇಕು. ಅಫ್ಲಾಟಾಕ್ಸಿನ್ ಹೊಡೆಯುವುದು ಯಕೃತ್ತನ್ನು. ಓಕ್ರಾಟಾಕ್ಸಿನ್ ಹಂದಿ, ಕೋಳಿಗಳ ಮೂತ್ರಪಿಂಡವನ್ನು ಕೆಡಿಸುತ್ತದೆ. ಮೆಕ್ಕೆಜೋಳದಲ್ಲಿ ಬೆಳೆಯುವ ಫ್ಯುಸೇರಿಯಂ ಜಾತಿಯ ಬೂಷ್ಟುಗಳದ್ದು ಇನ್ನೊಂದು ಸಂಸಾರ. ಅವುಗಳಲ್ಲಿ ಫ್ಯುಮೋನಿಸಿನ್ ಕುದುರೆಯ ಮೆದುಳನ್ನೇ ಮೆದುವಾಗಿಸಿ ಕೊಲ್ಲುತ್ತದೆ, ಹಂದಿಯ ಶ್ವಾಸಕೋಶಕ್ಕೆ ನೀರು ತುಂಬಿಸುತ್ತದೆ. ಜೀರಾಲೆನೋನ್ ಹೆಣ್ಣು ಹಾರ್ಮೋನಿನ ವೇಷ ಹಾಕಿಕೊಂಡು ಸುಳ್ಳು ಬೆದೆ ತರಿಸುತ್ತದೆ. ಟಿ-2 ಕೋಳಿಯ ಬಾಯೊಳಗೆ ಹುಣ್ಣು ಮಾಡುತ್ತದೆ. ಹುಲ್ಲಿಗೂ ವಿನಾಯಿತಿ ಇಲ್ಲ. ಪಂಜಾಬ್, ಹರಿಯಾಣದ ಭತ್ತದ ಸೀಮೆಯಲ್ಲಿ ನೆನೆದು ಬೂಷ್ಟಾದ ಭತ್ತದ ಹುಲ್ಲು ತಿಂದ ಎಮ್ಮೆಗಳ ಬಾಲದ ತುದಿ, ಕಿವಿಯ ಅಂಚು, ಗೊರಸಿನ ಸುತ್ತಲ ಭಾಗ ಕೊಳೆತು ಉದುರುವ ಕಾಯಿಲೆಯೊಂದಿದೆ. ಈಗ ಪಾಕಿಸ್ತಾನದಲ್ಲಿರುವ ಡೇಗ್ ನಾಲಾ ಎಂಬ ಹಳ್ಳದ ಸೀಮೆಯಲ್ಲಿ ಮೊದಲು ಕಂಡದ್ದರಿಂದ ಅದನ್ನು ಡೇಗ್‌ನಾಲಾ ರೋಗ ಎನ್ನುತ್ತಾರೆ. ನಮ್ಮಲ್ಲಿ ಹೈನು ಹಿಡಿದವರಿಗೆ ಮುಖ್ಯವಾಗಿ ತಲೆನೋವಾಗುವುದು ಮೆಕ್ಕೆಜೋಳ, ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿಗಳ ಮೂಲಕ ಬರುವ ಅಫ್ಲಾಟಾಕ್ಸಿನ್. ಇಲ್ಲಿನ ಉಷ್ಣತೆ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. 25ರಿಂದ 35 ಡಿಗ್ರಿ ಶಾಖ ಇದ್ದು ಕಾಳಿನಲ್ಲಿ ಒಂದಿಷ್ಟು ತೇವ ಉಳಿದಿದ್ದರೆ ಅದಕ್ಕೆ ಬೇರೇನೂ ಬೇಡ.

ವಿಷವೆಂದ ಕೂಡಲೇ ನಾವು ನೊರೆ ಕಾರಿ ಬೀಳುವ ದನವನ್ನು ಕಲ್ಪಿಸಿಕೊಳ್ಳುತ್ತೇವೆ. ಹಾಗೆ ಆಗುವುದು ಅಪರೂಪ, ಮೋಸ ಇರುವುದೇ ಅಲ್ಲಿ. ಮೇವಿನಲ್ಲಿ ವಿಷ ಸ್ವಲ್ಪ ಸ್ವಲ್ಪವೇ ದಿನವೂ ಹೋದಾಗ ಹಸು ಬೀಳುವುದಿಲ್ಲ. ಗೋದಲಿಯಲ್ಲಿ ಕಾಲು ಭಾಗ ಹಿಂಡಿ ಬಿಡುತ್ತದೆ. ಮೈಕೂದಲು ಒರಟಾಗುತ್ತದೆ. ಹಾಲು ಅರ್ಧ ಲೀಟರ್, ಮುಕ್ಕಾಲು ಲೀಟರ್ ಇಳಿಯುತ್ತದೆ. ಸಗಣಿ ಆಗಾಗ ನೀರಾಗುತ್ತದೆ. ಕರುಗಳು ಬಡಕಲಾಗುತ್ತವೆ, ತೀರ ಹೆಚ್ಚಾದಾಗ ಸಗಣಿ ಹಾಕಲು ಮುಕ್ಕಿ ಮುಕ್ಕಿ ಗುದನಾಳವೇ ಹೊರಬರುವುದುಂಟು. ಎಲ್ಲಕ್ಕಿಂತ ದೊಡ್ಡ ಏಟು ರೋಗ ತಡೆಯುವ ಶಕ್ತಿಗೆ ಬೀಳುತ್ತದೆ. ಯಕೃತ್ತು ಪ್ರೋಟೀನು ತಯಾರಿಸುವ ಕೆಲಸದಲ್ಲಿ ಹಿಂದೆ ಬಿದ್ದಾಗ ಲಸಿಕೆಗೆ ದೇಹ ಕೊಡಬೇಕಾದ ಉತ್ತರವೂ ಮಂಕಾಗುತ್ತದೆ. ಆಗ ಕೆಚ್ಚಲು ಬಾವು ಬಂದರೆ ಕೆಚ್ಚಲನ್ನು ದೂರುತ್ತೇವೆ, ಗಬ್ಬ ನಿಲ್ಲದಿದ್ದರೆ ವೀರ್ಯದ ಕಡ್ಡಿಯನ್ನು, ಲಸಿಕೆ ಹಾಕಿಸಿಯೂ ರೋಗ ಬಂದರೆ ಲಸಿಕೆಯನ್ನು. ಗೋದಲಿಯ ಕಡೆ ಬೆರಳು ತೋರುವವರಿಲ್ಲ. ಹಣದ ಲೆಕ್ಕ ಹಾಕಿ ನೋಡಿ. ಮೂರು ಹಸುಗಳು ದಿನಕ್ಕೆ ಅರ್ಧರ್ಧ ಲೀಟರ್ ಕಡಿಮೆ ಕೊಟ್ಟರೆ ತಿಂಗಳಿಗೆ 45 ಲೀಟರ್. ಲೀಟರಿಗೆ 35 ರೂಪಾಯಿ ಎಂದುಕೊಂಡರೂ 1,575 ರೂಪಾಯಿ. ಉಳಿಸಿಕೊಂಡೆವು ಎಂದುಕೊಂಡ ಒಂದು ಚೀಲ ನುಚ್ಚಿನ ಬೆಲೆ ಅದರಲ್ಲೇ ಮುಳುಗಿತು. ಡಾಕ್ಟರ ಖರ್ಚು, ತಪ್ಪಿದ ಒಂದು ಬೆದೆಯಿಂದ ಮುಂದೆ ಬಿದ್ದ 21 ದಿನ ಇದರಲ್ಲಿ ಸೇರಿಲ್ಲ.

ಇನ್ನು ಹಾಲಿನ ಮಾತು. ಹಸು ತಿಂದ ಬಿ1 ವಿಷ ಯಕೃತ್ತಿನಲ್ಲಿ ರೂಪ ಬದಲಿಸಿ ಎಂ1 ಎಂಬ ಹೆಸರಿನಲ್ಲಿ ಹಾಲಿಗೆ ಇಳಿಯುತ್ತದೆ. ಸಾಮಾನ್ಯವಾಗಿ ತಿಂದ ಬಿ1ರ ನೂರಕ್ಕೆ ಒಂದೆರಡು ಪಾಲು ಹೀಗೆ ಹೋಗುತ್ತದೆ. ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಆರು ಪಾಲಿನವರೆಗೂ ಏರಬಹುದು. ಬೆಳಗ್ಗೆ ತಿಂದದ್ದು ಮರುದಿನದ ಹಾಲಿನಲ್ಲಿ ಹಾಜರಿರುತ್ತದೆ. ನಮ್ಮ ದೇಶದಲ್ಲಿ ಹಾಲಿಗೆ ಇರುವ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ, ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಯುರೋಪಿನ ಮಿತಿ ಅದರ ಹತ್ತನೇ ಒಂದು ಭಾಗ, 0.05. ಈಗ ದಿನಕ್ಕೆ 10 ಲೀಟರ್ ಕೊಡುವ ಒಂದು ಹಸುವನ್ನು ತೆಗೆದುಕೊಳ್ಳಿ. ಅದು ತಿನ್ನುವ 4 ಕಿಲೋ ಪಶು ಆಹಾರ ಭಾರತೀಯ ಮಾನಕ ಬ್ಯೂರೋದ ಮಿತಿಯಾದ ಕಿಲೋಗೆ 20 ಮೈಕ್ರೋಗ್ರಾಂ ಬಿ1ರ ಅಂಚಿನಲ್ಲಿದೆ ಎನ್ನಿ. ಒಟ್ಟು 80 ಮೈಕ್ರೋಗ್ರಾಂ ಹೊಟ್ಟೆಗೆ ಹೋಯಿತು, ನೂರಕ್ಕೆ ಎರಡರಂತೆ 1.6 ಹಾಲಿಗೆ ಬಂತು, ಲೀಟರಿಗೆ 0.16 ಬಿತ್ತು. ನಮ್ಮ ಮಿತಿಯೊಳಗೇ ಇದೆ, ಯುರೋಪಿನ ಮಿತಿಯ ಮೂರು ಪಟ್ಟು. ಇದೇ ಹಸುವಿಗೆ ಕಿಲೋಗೆ 300 ಮೈಕ್ರೋಗ್ರಾಂ ವಿಷವಿರುವ ಮುಗ್ಗಿದ ಕಡಲೆಕಾಯಿ ಹಿಂಡಿಯನ್ನು ಒಂದೇ ಒಂದು ಕಿಲೋ ಸೇರಿಸಿದರೆ ಹಾಲಿನ ಲೆಕ್ಕ ಲೀಟರಿಗೆ 0.76ಕ್ಕೆ ಹಾರುತ್ತದೆ. ಇದು ಬರೀ ಕಾಗದದ ಮೇಲಿನ ಹೆದರಿಕೆಯಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ದೇಶದ ಉದ್ದಗಲಕ್ಕೂ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಶೇ. 5.7ರಷ್ಟು ಎಂ1 ಮಿತಿ ದಾಟಿದ್ದವು. ನೀರು ಬೆರೆಸಿದ ಹಾಲಿನ ಬಗ್ಗೆ ನಾವು ಆಡುವಷ್ಟು ಮಾತನ್ನು ಇದರ ಬಗ್ಗೆ ಆಡಿದ್ದು ಕಾಣೆ. ಹಾಲನ್ನು ಎಷ್ಟು ಕಾಯಿಸಿದರೂ ಎಂ1 ಹೋಗುವುದಿಲ್ಲ. ಅದು ಹಾಲಿನ ಕೇಸಿನ್ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಹಾಲು ಒಡೆದು ಪನೀರ್ ಮಾಡಿದರೆ ಅಲ್ಲಿ ಇನ್ನಷ್ಟು ದಟ್ಟವಾಗುತ್ತದೆ. ಊರ ಹಾಲೆಲ್ಲ ಒಂದೇ ಟ್ಯಾಂಕಿಗೆ ಬಿದ್ದು ಸಪ್ಪೆಯಾಗುತ್ತದಲ್ಲ ಎಂಬ ಸಮಾಧಾನಕ್ಕೂ ತೂತಿದೆ. ಒಂದೇ ಹಂಗಾಮಿನಲ್ಲಿ ಒಂದೇ ಮಳೆಗೆ ನೆನೆದ ಜೋಳವನ್ನೇ ಊರೆಲ್ಲ ಕೊಂಡಿರುತ್ತದೆ. ಮನೆಗೆಂದು ಎತ್ತಿಟ್ಟ ಒಂದು ಲೀಟರ್ ಅಂತೂ ಯಾವ ಟ್ಯಾಂಕಿಗೂ ಹೋಗದೆ ನೇರವಾಗಿ ಮಗುವಿನ ಲೋಟಕ್ಕೆ ಬರುತ್ತದೆ.

‘ನಮ್ಮ ಅಜ್ಜ ಮುತ್ತಜ್ಜಂದಿರು ಇದನ್ನೇ ಹಾಕಿದರು, ಯಾವ ದನಕ್ಕೆ ಏನಾಯಿತು?’ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ, ಉತ್ತರ ಕೊಡಬೇಕು. ಅಜ್ಜನ ಕಾಲದ ನಾಟಿ ಹಸು ಬಯಲಲ್ಲಿ ಮೇಯುತ್ತಿತ್ತು. ರಾಗಿ ಹುಲ್ಲು ಅದರ ಊಟ, ಹಿಂಡಿ ಎಂದರೆ ಕರು ಹಾಕಿದಾಗ ಸಿಗುವ ಹಬ್ಬದ ಅಡುಗೆ. ಎರಡು ಲೀಟರ್ ಹಾಲಿಗೆ ಅಷ್ಟು ಸಾಕಿತ್ತು. ಇಂದಿನ ಮಿಶ್ರತಳಿ ಹಸು ಹದಿನೈದು ಲೀಟರ್ ಕೊಡಬೇಕಾದರೆ ದಿನಕ್ಕೆ ಐದಾರು ಕಿಲೋ ಕಾಳು, ಹಿಂಡಿ, ಬೂಸಾ ತಿನ್ನಬೇಕು. ವಿಷ ಕೂರುವುದೂ ಇವುಗಳಲ್ಲೇ. ಅಜ್ಜ ಹಾಕಿದ್ದು ತನ್ನ ಗಾಣದ ಹಿಂಡಿ. ನಾವು ಹಾಕುವುದು ಎಲ್ಲೆಲ್ಲಿಂದಲೋ ಬಂದು ಎಷ್ಟೋ ಗೋದಾಮುಗಳಲ್ಲಿ ತಂಗಿದ ಸರಕು. ಇನ್ನು, ಏನೂ ಆಗಲಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ; ಆದದ್ದಕ್ಕೆ ಹೆಸರಿರಲಿಲ್ಲ, ಅಷ್ಟೆ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ಕಾಮಾಲೆ ಎದ್ದಾಗ, ವೈದ್ಯರು ದಾಖಲಿಸಿದ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಅದೇ ಮನೆಗಳ ಊಟದ ಪಾಲು ತಿಂದ ನಾಯಿಗಳೂ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಸತ್ತವು. 1995ರಲ್ಲಿ ನಮ್ಮ ದಖ್ಖನ್ ಪ್ರಸ್ಥಭೂಮಿಯ 27 ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಹತ್ತಿದಾಗ ಸಿಕ್ಕಿದ್ದು ಫ್ಯುಮೋನಿಸಿನ್. ಬೇರೆ ಗತಿಯಿಲ್ಲದೆ ತಿಂದವರ ಕಥೆ ಇದು. ದನಕ್ಕೆ ಬೇರೆ ಗತಿ ಎಂಬುದು ಎಂದೂ ಇರುವುದಿಲ್ಲ, ಗೋದಲಿಯಲ್ಲಿ ಇದ್ದದ್ದೇ ಊಟ.

ಎರಡನೇ ಆಕ್ಷೇಪ, ಮೆಲುಕು ಹಾಕುವ ಪ್ರಾಣಿ ಎಂಥದನ್ನೂ ಅರಗಿಸಿಕೊಳ್ಳುತ್ತದೆ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಹಸುವಿನ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಓಕ್ರಾಟಾಕ್ಸಿನ್‌ನಂಥ ಕೆಲವು ವಿಷಗಳನ್ನು ನಿಜಕ್ಕೂ ಒಡೆದು ಹಾಕುತ್ತವೆ. ಹಂದಿ, ಕೋಳಿಗಿಂತ ಹಸು ಗಟ್ಟಿ ಎನ್ನುವುದು ಇದರಿಂದಲೇ. ಆದರೆ ಅಫ್ಲಾಟಾಕ್ಸಿನ್ ಬಹುಪಾಲು ಹಾಗೇ ದಾಟಿ ಹೋಗುತ್ತದೆ, ಜೀರಾಲೆನೋನ್ ಅಲ್ಲಿ ಇನ್ನಷ್ಟು ಚುರುಕಾದ ರೂಪಕ್ಕೆ ತಿರುಗುತ್ತದೆ. ಮೆಲುಕನ್ನೇ ಕಲಿಯದ ಎಳೆಗರುವಿಗೆ ಈ ರಕ್ಷಣೆ ಮೊದಲೇ ಇಲ್ಲ. ಮೂರನೆಯದು ಬಿಸಿಲು, ತೊಳೆಯುವುದು, ಬೇಯಿಸುವುದು. ಬೂಷ್ಟಾದ ಹಿಂಡಿಯನ್ನು ಬಿಸಿಲಿಗೆ ಹರಡಿದರೆ ವಾಸನೆ ಹೋಗುತ್ತದೆ, ಬೂಷ್ಟು ಒಣಗಿ ಪುಡಿಯಾಗುತ್ತದೆ, ದನವೂ ಬಾಯಿ ಹಾಕುತ್ತದೆ. ಒಳಗಿನ ವಿಷ ಮಾತ್ರ ಅಲುಗುವುದಿಲ್ಲ. ಅಫ್ಲಾಟಾಕ್ಸಿನ್ ಪೂರ್ತಿ ಒಡೆಯಲು 200 ಡಿಗ್ರಿಗೂ ಮೇಲಿನ ಶಾಖ ಬೇಕು. ಕುದಿಯುವ ನೀರಿನದು ನೂರೇ ಡಿಗ್ರಿ. ಒಂದು ಲೆಕ್ಕದಲ್ಲಿ ಒಣಗಿಸಿದ ಬೂಷ್ಟು ಹಸಿ ಬೂಷ್ಟಿಗಿಂತ ಅಪಾಯ: ದನ ಮೂಸಿ ಬಿಡುತ್ತಿದ್ದುದನ್ನು ಈಗ ಪೂರ್ತಿ ತಿನ್ನುತ್ತದೆ. ಗಾಣದಲ್ಲೂ ಇದೇ ಕಥೆ. ಕೆಟ್ಟ ಕಡಲೆಕಾಯಿ ಅರೆದಾಗ ವಿಷದ ಹೆಚ್ಚು ಪಾಲು ಎಣ್ಣೆಗೆ ಹೋಗದೆ ಹಿಂಡಿಯಲ್ಲೇ ಉಳಿಯುತ್ತದೆ. ಮೆಕ್ಕೆಜೋಳದಿಂದ ಎಥೆನಾಲ್ ತೆಗೆದ ಮೇಲೆ ಉಳಿಯುವ, ಈಚೆಗೆ ಅಗ್ಗವಾಗಿ ಸಿಗುತ್ತಿರುವ ಡಿಡಿಜಿಎಸ್ ಎಂಬ ಪುಡಿಯಲ್ಲೂ ಹಾಗೆಯೇ. ಪಿಷ್ಟವೆಲ್ಲ ಸಾರಾಯವಾಗಿ ಹೋದ ಮೇಲೆ ಮೂಲ ಕಾಳಿನಲ್ಲಿದ್ದ ವಿಷ ಸುಮಾರು ಮೂರು ಪಟ್ಟು ದಟ್ಟವಾಗಿ ನಿಲ್ಲುತ್ತದೆ. ಅಗ್ಗವೆಂದು ಬಿಡಬೇಕಾಗಿಲ್ಲ, ಆದರೆ ಪರೀಕ್ಷೆಯ ವರದಿ ಕೇಳದೆ ಕೊಳ್ಳುವ ಸರಕೂ ಅದಲ್ಲ.

ಮೇವಿಗೆ ಬೆರೆಸಿದರೆ ವಿಷವನ್ನು ಹಿಡಿದಿಡುತ್ತದೆ ಎಂದು ಮಾರುವ ಬೈಂಡರ್ ಪುಡಿಗಳ ವಿಚಾರಕ್ಕೆ ಬಂದರೆ, ಆ ಮಾತು ಪೂರ್ತಿ ಸುಳ್ಳೂ ಅಲ್ಲ, ಜಾಹೀರಾತಿನಷ್ಟು ನಿಜವೂ ಅಲ್ಲ. ಬೆಂಟೋನೈಟ್‌ನಂಥ ಜೇಡಿಮಣ್ಣಿನ ಪದರಗಳ ನಡುವೆ ಅಫ್ಲಾಟಾಕ್ಸಿನ್ ಕಣ ಚಪ್ಪಟೆಯಾಗಿ ಸಿಕ್ಕಿಕೊಂಡು ಸಗಣಿಯಲ್ಲಿ ಹೊರಬೀಳುತ್ತದೆ. ಹಾಲಿನ ಎಂ1 ಕೂಡ ಇಳಿಯುತ್ತದೆ. ಯುರೋಪ್ ಒಕ್ಕೂಟ 2013ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಆದರೆ ಆ ಒಪ್ಪಿಗೆ ಅಫ್ಲಾಟಾಕ್ಸಿನ್ ಬಿ1ರ ಮಟ್ಟಿಗೆ ಮಾತ್ರ. ಜೀರಾಲೆನೋನ್, ಟಿ-2ರಂಥ ಫ್ಯುಸೇರಿಯಂ ವಿಷಗಳನ್ನು ಈ ಮಣ್ಣು ಹಿಡಿಯುವುದು ತೀರ ಕಡಿಮೆ. ‘ಎಲ್ಲಾ ವಿಷಕ್ಕೂ ಒಂದೇ ಪುಡಿ’ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅಲ್ಲೇ ಅನುಮಾನ ಪಡಿ. ಕೊಂಡು ತಂದ ಆಹಾರದಲ್ಲಿ ಕಾಣದೆ ಅಡಗಿರುವ ಅಲ್ಪಸ್ವಲ್ಪ ಅಫ್ಲಾಟಾಕ್ಸಿನ್ ಮೇಲೆ ಮಳೆಗಾಲದಲ್ಲಿ ಒಂದು ಬಿಗಿ ಇರಲಿ ಎಂದು ಪಶುವೈದ್ಯರು ಹೇಳಿದ ಅಳತೆಯಲ್ಲಿ ಬಳಸುವುದು ಸರಿ. ಕಣ್ಣಿಗೆ ಕಾಣುವ ಬೂಷ್ಟಿನ ಹಿಂಡಿಗೆ ಪುಡಿ ಬೆರೆಸಿ ಹಾಕುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಹಾಗಾದರೆ ನಿಜವಾದ ಕೆಲಸ ಎಲ್ಲಿದೆ? ತೇವದಲ್ಲಿ. ನಮ್ಮ ದಾವಣಗೆರೆ, ಹಾವೇರಿ ಸೀಮೆಯಲ್ಲಿ ಮುಂಗಾರಿನ ಗೋವಿನಜೋಳ, ಅಂದರೆ ಮೆಕ್ಕೆಜೋಳ, ಕಟಾವಿಗೆ ಬರುವ ಹೊತ್ತಿಗೆ ಹಿಂಗಾರು ಮಳೆಯೂ ಬಾಗಿಲಲ್ಲಿರುತ್ತದೆ. ಕೊಯ್ದ ಕಾಳಿನಲ್ಲಿ ನೂರಕ್ಕೆ 20–25ರಷ್ಟು ನೀರಿರುತ್ತದೆ, ಚೀಲ ತುಂಬಿ ಇಡಲು ಅದು 12ರ ಆಸುಪಾಸಿಗೆ ಬರಬೇಕು. ಈ ನಡುವಿನ ದಿನಗಳಲ್ಲೇ ಬೂಷ್ಟು ಹೊಕ್ಕುವುದು. ಹೆದ್ದಾರಿಯ ಅಂಚಿನಲ್ಲಿ ಕಿಲೋಮೀಟರುಗಟ್ಟಲೆ ಹರಡಿದ ಜೋಳ ಕಂಡು ಸವಾರರು ಬೈಯುತ್ತಾರೆ. ಒಣಗಿಸುವ ಕಣವೇ ಇಲ್ಲದವನು ಎಲ್ಲಿಗೆ ಹೋಗಬೇಕೆಂದು ಕೇಳುವವರು ಕಡಿಮೆ. ಕಡಲೆಕಾಯಿಯದು ಇನ್ನೊಂದು ಬಗೆ. ಚಳ್ಳಕೆರೆ, ಪಾವಗಡದಂಥ ಒಣ ಸೀಮೆಯಲ್ಲಿ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಬಾಯಾರಿದ ಗಿಡದ ಕಾಯಿಯೊಳಕ್ಕೆ ಬೂಷ್ಟು ಮಣ್ಣಿನಲ್ಲೇ ನುಗ್ಗುತ್ತದೆ. ಹಾಗಾಗಿ ಬರದ ವರ್ಷದ ಹಿಂಡಿಯ ಬಗ್ಗೆಯೂ ಮಳೆ ವರ್ಷದಷ್ಟೇ ಅನುಮಾನ ಇರಬೇಕು. ಒಡಕು ಕಾಯಿ, ಸುಕ್ಕು ಬೀಜ, ಬಣ್ಣ ಕೆಟ್ಟ ಬೀಜಗಳನ್ನು ಆರಿಸಿ ತೆಗೆದರೆ ವಿಷದ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ಆರಿಸಿ ತೆಗೆದದ್ದು ಮತ್ತೆ ಗಾಣಕ್ಕೆ ಹೋಗಿ ಹಿಂಡಿಯಾಗದಂತೆ ನೋಡಿಕೊಳ್ಳಬೇಕು, ಅಷ್ಟೆ.

ಕಾಳು ಒಣಗಿದೆಯೇ ಎಂದು ತಿಳಿಯಲು ಹಲ್ಲಿನಲ್ಲಿ ಕಡಿದು ನೋಡುವುದು ರೂಢಿ. ಅದಕ್ಕಿಂತ ನಂಬಬಹುದಾದ, ಕಾಸು ಖರ್ಚಿಲ್ಲದ ಒಂದು ದಾರಿ ಉಪ್ಪಿನ ಪರೀಕ್ಷೆ. ಒಂದು ಗಾಜಿನ ಬಾಟಲಿಯನ್ನು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಪುಡಿ ಉಪ್ಪನ್ನೂ ತಟ್ಟೆಯಲ್ಲಿ ಹರಡಿ ಬಿಸಿಲಿಗಿಟ್ಟು ಉದುರುದುರಾಗಿಸಿಕೊಳ್ಳಿ. ಬಾಟಲಿಯ ಮೂರನೇ ಒಂದು ಭಾಗ ಜೋಳ ತುಂಬಿ, ಎರಡು ಮೂರು ಚಮಚ ಉಪ್ಪು ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಚೆನ್ನಾಗಿ ಕುಲುಕಿ ಕಾಲು ಗಂಟೆ ಹಾಗೇ ಬಿಡಿ. ಗಾಜಿನ ಒಳಗೋಡೆಗೆ ಉಪ್ಪು ಮಂಜಿನ ಹಾಗೆ ಅಂಟಿಕೊಂಡರೆ ಕಾಳಿನ ತೇವ 15ಕ್ಕಿಂತ ಮೇಲಿದೆ, ಚೀಲ ತುಂಬುವ ಮಾತೇ ಬೇಡ. ಉಪ್ಪು ಅಂಟದೆ ತಳಕ್ಕೆ ಇಳಿದರೆ 15ರ ಕೆಳಗೆ ಬಂದಿದೆ ಎಂದರ್ಥ. ಅಲ್ಲಿಂದ ಇನ್ನೂ ಒಂದೆರಡು ದಿನ ಒಳ್ಳೆಯ ಬಿಸಿಲು ಕೊಟ್ಟು, ಸಂಜೆ ಇಬ್ಬನಿ ಬೀಳುವ ಮೊದಲೇ ರಾಶಿ ಮಾಡಿ ಮುಚ್ಚಿ, ಆಮೇಲೆ ತುಂಬಿಡಿ. ಒಣಗಿಸುವುದು ಬರೀ ನೆಲದ ಮೇಲಲ್ಲ, ತಾಡಪಾಲಿನ ಮೇಲೆ. ಬಿಸಿ ಆರದ ಕಾಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ರಾತ್ರಿಯ ತಂಪಿಗೆ ಒಳಗೋಡೆ ಬೆವರುತ್ತದೆ, ಒಣಗಿಸಿದ್ದೆಲ್ಲ ನೀರುಪಾಲು.

ಕೊಟ್ಟಿಗೆಯ ಕಡೆಗೆ ಬನ್ನಿ. ಚೀಲಗಳು ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ಈಚೆಗೆ ಇರಲಿ. ಮೊದಲು ತಂದದ್ದು ಮೊದಲು ಮುಗಿಯಲಿ. ಮಳೆಗಾಲದಲ್ಲಿ ಎರಡು ತಿಂಗಳ ದಾಸ್ತಾನು ಒಟ್ಟಿಗೆ ತರುವುದು ಉಳಿತಾಯವಲ್ಲ. ಚೀಲದ ನಡುವಿಗೆ ಮೊಣಕೈವರೆಗೆ ಕೈ ಇಳಿಸಿ ನೋಡಿ. ಒಳಗೆ ಬೆಚ್ಚಗಿದ್ದರೆ ಅಲ್ಲಿ ಹುಳವೋ ಬೂಷ್ಟೋ ಉಸಿರಾಡುತ್ತಿದೆ. ಹುಳವನ್ನು ಸಣ್ಣದೆಂದು ಬಿಡಬಾರದು, ಅದರ ಉಸಿರಿನ ತೇವವೇ ಬೂಷ್ಟಿಗೆ ಮೊದಲ ನೀರು. ಗೋದಲಿಯ ಮೂಲೆಯಲ್ಲಿ ಅಂಟಿ ಹುಳಿಯಾದ ಹಿಂದಿನ ದಿನದ ಹಿಂಡಿಯನ್ನು ದಿನವೂ ಕೆರೆದು ತೆಗೆಯಬೇಕು. ರಸಮೇವಿನ ಗುಂಡಿ ಅಥವಾ ಚೀಲ ಬಿಚ್ಚಿದ ಮೇಲೆ ದಿನಕ್ಕೆ ಅರ್ಧ ಅಡಿಯಷ್ಟು ಮುಖ ಕತ್ತರಿಸಿ ಹಾಕುವಷ್ಟು ದನಗಳಿರಬೇಕು. ಇಲ್ಲದಿದ್ದರೆ ಗಾಳಿ ಒಳನುಗ್ಗಿ ನೀಲಿ ಹಸಿರು ಗಡ್ಡೆಗಳು ಕಾಣಿಸಿಕೊಳ್ಳುತ್ತವೆ, ಅವನ್ನು ಸುತ್ತಲಿನ ಮೇವಿನ ಸಮೇತ ಎಸೆಯಬೇಕು. ಬೆಂಗಳೂರಿನ ಸುತ್ತ ಹಸು ಕಟ್ಟುವವರು ತರುವ ಬಿಯರ್ ಕಾರ್ಖಾನೆಯ ಹಸಿ ಗಸಿ ಎರಡು ಮೂರು ದಿನದಲ್ಲಿ ಮುಗಿಯಬೇಕು. ಹುಲ್ಲಿನ ಬಣವೆಯ ಬಗ್ಗೆ ನಾನು ಅಷ್ಟು ಕಟ್ಟುನಿಟ್ಟಿಲ್ಲ. ಮೇಲ್ಪದರ, ತಳದ ಪದರ ಕಪ್ಪಾಗಿದ್ದರೆ ಅವನ್ನು ಧಾರಾಳವಾಗಿ ತೆಗೆದು, ಒಳಗಿನ ಒಣ ಹೊಂಬಣ್ಣದ ಹುಲ್ಲನ್ನು ಕೊಡವಿ ಹಾಕಬಹುದು. ಕಾಳು, ಹಿಂಡಿಯ ವಿಷಯದಲ್ಲಿ ಈ ಸಡಿಲಿಕೆ ಇಲ್ಲ. ಅಲ್ಲಿ ಕಂಡದ್ದನ್ನು ತೆಗೆದರೂ ಕಾಣದ್ದು ಉಳಿದಿರುತ್ತದೆ.

ಅನುಮಾನ ಬಂದಾಗ ಏನು ಮಾಡಬೇಕು? ಹೊಸ ಚೀಲ ಬಿಚ್ಚಿದ ತಾರೀಖನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಅಭ್ಯಾಸವಿದ್ದರೆ ಅರ್ಧ ಕೆಲಸ ಆದಂತೆ. ಆ ತಾರೀಖಿನ ಬೆನ್ನಲ್ಲೇ ಒಂದಕ್ಕಿಂತ ಹೆಚ್ಚು ದನಗಳು ತಿನ್ನುವುದು ಕಡಿಮೆ ಮಾಡಿದರೆ, ಜ್ವರವಿಲ್ಲದೆ ಹಾಲು ಇಳಿದರೆ, ಔಷಧಿಗೆ ಬಗ್ಗದಿದ್ದರೆ ಮೊದಲು ಆ ಚೀಲ ನಿಲ್ಲಿಸಿ, ಪಶುವೈದ್ಯರಿಗೆ ತಿಳಿಸಿ. ಕೆಟ್ಟ ಮೇವು ನಿಲ್ಲಿಸಿದ ಮೂರು ನಾಲ್ಕು ದಿನದಲ್ಲಿ ಹಾಲಿನ ಎಂ1 ಬಹುತೇಕ ಇಳಿದುಹೋಗುತ್ತದೆ. ಯಕೃತ್ತು ಚೇತರಿಸಿಕೊಳ್ಳಲು ಮಾತ್ರ ವಾರಗಳು ಬೇಕು. ಪರೀಕ್ಷೆಗೆ ಮಾದರಿ ಕಳಿಸುವಾಗ ಒಂದು ಹಿಡಿ ತೆಗೆದುಕೊಂಡು ಹೋದರೆ ಪ್ರಯೋಜನವಿಲ್ಲ. ವಿಷ ಚೀಲದಲ್ಲಿ ಸಮನಾಗಿ ಹರಡಿರುವುದಿಲ್ಲ. ತೀರ ಕೆಟ್ಟ ಒಂದು ಕಡಲೆಬೀಜದಲ್ಲಿ ಗ್ರಾಮಿಗೆ ಒಂದು ಮಿಲಿಗ್ರಾಂನಷ್ಟು ವಿಷ ಸಿಕ್ಕಿದ್ದುಂಟು. ಅಂಥ ಅರ್ಧ ಗ್ರಾಂ ತೂಕದ ಒಂದೇ ಬೀಜ 10 ಕಿಲೋ ಸರಕನ್ನು ಕಿಲೋಗೆ 50 ಮೈಕ್ರೋಗ್ರಾಂಗೆ ಏರಿಸಬಲ್ಲದು. ಆದ್ದರಿಂದ ಹಲವು ಚೀಲಗಳ ಮೇಲು, ನಡು, ತಳದಿಂದ ಹಿಡಿ ಹಿಡಿ ತೆಗೆದು ಬೆರೆಸಿ, ಅದರಲ್ಲಿ ಒಂದು ಕಿಲೋ ಕಾಗದದ ಅಥವಾ ಬಟ್ಟೆಯ ಚೀಲದಲ್ಲಿ ಕಳಿಸಬೇಕು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ದಾರಿಯಲ್ಲೇ ಹೊಸ ಬೂಷ್ಟು ಬೆಳೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ನನ್ನ ಮಟ್ಟಿಗೆ ಅದೇ ಗಟ್ಟಿಯಾದದ್ದು. ಡೇರಿಯಲ್ಲಿ ಹಾಲಿಗೆ ಬೆಲೆ ಕಟ್ಟುವುದು ಕೊಬ್ಬು ಮತ್ತು ಘನಾಂಶ ನೋಡಿ. ವಿಷ ಕಡಿಮೆ ಇದೆಯೆಂದು ಯಾರೂ ನಾಲ್ಕು ಕಾಸು ಹೆಚ್ಚು ಕೊಡುವುದಿಲ್ಲ. ಒಣಗಿಸುವ ಶ್ರಮ, ಎಸೆದ ಚೀಲದ ನಷ್ಟ ರೈತನದು, ಲಾಭ ಪಟ್ಟಣದ ಮಗುವಿನದು. ನ್ಯಾಯವಾದ ದೂರು. ಹಸುವಿನ ಆರೋಗ್ಯದಲ್ಲಿ ರೈತನ ಲಾಭವೂ ಇದೆಯೆಂದು ಮೇಲೆ ಲೆಕ್ಕ ತೋರಿಸಿದ್ದೇನೆ, ಆದರೆ ಇಡೀ ಭಾರವನ್ನು ಅವನೊಬ್ಬನ ತಲೆಗೆ ಕಟ್ಟಲು ಅದು ನೆಪವಾಗಬಾರದು. ಊರಿನ ಹಾಲು ಸಂಘದಲ್ಲಿ ಕೊಬ್ಬು ಅಳೆಯುವ ಯಂತ್ರದ ಪಕ್ಕ ಕಾಳಿನ ತೇವ ಅಳೆಯುವ ಒಂದು ಸಣ್ಣ ಮೀಟರ್ ಇರಬಹುದು. ಊರಿಗೊಂದು ಸಿಮೆಂಟಿನ ಕಣ, ಹಂಗಾಮಿಗೆ ನಾಲ್ಕು ತಾಡಪಾಲುಗಳನ್ನು ಸಂಘವೇ ಬಾಡಿಗೆಗೆ ಕೊಡಬಹುದು. ಪಶು ಆಹಾರದ ಪ್ರತಿ ಲಾಟಿನ ಅಫ್ಲಾಟಾಕ್ಸಿನ್ ವರದಿಯನ್ನು ಚೀಲದ ಮೇಲೆಯೇ ಅಚ್ಚು ಹಾಕಿಸಿ ಎಂದು ಸರ್ವಸದಸ್ಯರ ಸಭೆಯಲ್ಲಿ ಒಬ್ಬರು ಎದ್ದು ಕೇಳಬಹುದು.

ಅಲ್ಲಿಯವರೆಗೆ ಕೈಯಲ್ಲಿರುವ ಕೆಟ್ಟ ಚೀಲದ ಗತಿ ಏನು? ದನಕ್ಕೆ ಬೇಡವೆಂದು ಕೋಳಿಗೆ ಸುರಿಯುವವರಿದ್ದಾರೆ. ಅಫ್ಲಾಟಾಕ್ಸಿನ್ ತಡೆದುಕೊಳ್ಳುವ ಶಕ್ತಿ ದೊಡ್ಡ ಹಸುವಿಗಿಂತ ಕೋಳಿಮರಿಗೆ ಬಹಳ ಕಡಿಮೆ, ಬಾತುಕೋಳಿ ಮರಿಗಂತೂ ಇಲ್ಲವೆನ್ನುವಷ್ಟು. ಕುರಿಗೆ, ನಾಯಿಗೆ ಹಾಕುವುದೂ ಬೇಡ. ಕೊಟ್ಟಿಗೆಯಿಂದ, ಬಾವಿಯಿಂದ ದೂರದ ಗುಂಡಿಗೆ ಸುರಿದು ಮೇಲೆ ಒಂದಡಿ ಮಣ್ಣು ಮುಚ್ಚಿ. ಸುರಿಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಏಳುವ ದೂಳಿನಲ್ಲಿ ಬೂಷ್ಟಿನ ಬೀಜಕಣಗಳಿರುತ್ತವೆ. ಖಾಲಿಯಾದ ಚೀಲವನ್ನು ಮಡಿಸಿ ಅಟ್ಟಕ್ಕೆ ಹಾಕಬೇಡಿ, ಮುಂದಿನ ಹಂಗಾಮಿನ ಜೋಳ ಅದಕ್ಕೇ ಬೀಳುತ್ತದೆ.